ಅನುವಾದಿಸಿದರೂ ವಿಚಾರ ಅವರದೇ

ಇಂಗ್ಲಿಷ್ ಲೇಖನದ ಪುಟಗಳನ್ನು ಕನ್ನಡಕ್ಕೆ ತಂದು, ಮೂಲ ಹೇಳದೆ ಮಹಾಪ್ರಬಂಧದಲ್ಲಿ ಸೇರಿಸಿದ್ದೀರಿ. ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶ ಅದನ್ನು ಹಿಡಿಯಲಿಲ್ಲ, ಆದರೂ ಮನಸ್ಸು ಒಪ್ಪುತ್ತಿಲ್ಲ ಎಂದಿದ್ದೀರಿ. ನಿಮ್ಮ ಮನಸ್ಸೇ ಸರಿ, ತಂಗಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಬರಹವನ್ನಷ್ಟೇ ಅಲ್ಲ, ಬೇರೆಯವರ ವಿಚಾರವನ್ನು ತನ್ನದೆಂದು ತೋರಿಸುವುದನ್ನೂ ಕೃತಿಚೌರ್ಯವೆನ್ನುತ್ತದೆ. ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ನಿಜ. ಆದರೆ ತಂತ್ರಾಂಶ ಅಳೆಯುವುದು ಪದಗಳನ್ನು. ಭಾಷೆ ಬದಲಾದರೆ ಅದರ ಕಣ್ಣು ತಪ್ಪುವುದು ಸುಲಭ. ಆದರೆ ಮಹಾಪ್ರಬಂಧಗಳ ಮುಕ್ತ ಜಾಲಸಂಗ್ರಹವಾದ ಶೋಧಗಂಗಾದಲ್ಲಿ ಪ್ರಬಂಧವನ್ನು ಯಾರು ಬೇಕಾದರೂ ಓದಬಹುದು. ಪದವಿ ಬಂದ ಮೇಲೆ ಕೃತಿಚೌರ್ಯ ಸಾಬೀತಾದರೂ ಆ ಪದವಿಯನ್ನು ತಡೆಹಿಡಿಯಲು ಅವಕಾಶವಿದೆ.

ಸಲ್ಲಿಸುವ ಮೊದಲೇ ಮಾರ್ಗದರ್ಶಕರಿಗೆ ತಿಳಿಸಿ. ತೀರಾ ಅಗತ್ಯವಾದ ಸಾಲುಗಳನ್ನು ಮಾತ್ರ ಉದ್ಧರಣ ಚಿಹ್ನೆಯೊಳಗಿಟ್ಟು ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಕೊಡಿ; ‘ಅನುವಾದ ನನ್ನದು’ ಎಂದೂ ನಮೂದಿಸಿ. ಉಳಿದದ್ದನ್ನು ಅಳಿಸಿ, ಆ ಲೇಖನವನ್ನು ಮುಚ್ಚಿಟ್ಟು, ನಿಮ್ಮ ವಾದವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ವಿಚಾರ ಅವರದಾದ ಕಡೆಯೆಲ್ಲ ಹೆಸರು ಹೇಳಿ.