ಕೀ ನಿಮ್ಮ ಜೇಬಿನಲ್ಲಿ, ಗಾಡಿ ಎಲ್ಲಿ?

ಪ್ರಶ್ನೆ: ನಮ್ಮದು ಹಂದನಕೆರೆ ಹತ್ತಿರದ ಹಳ್ಳಿ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಎರಡು ವರ್ಷದ ಹಿಂದೆ ಹೊಸ ಬೈಕ್ ತಗೊಂಡೆವು. ಹ್ಯಾಂಡಲ್ ಲಾಕ್ ಮಾಡಿ ಕೀ ಜೇಬಿಗೆ ಹಾಕಿಕೊಂಡರೂ ಗಾಡಿ ಕದ್ದೊಯ್ಯುತ್ತಾರಲ್ಲ, ಕೀ ಇಲ್ಲದೆ ಅದು ಸ್ಟಾರ್ಟ್ ಆಗುವುದಾದರೂ ಹೇಗೆ? ಇನ್ಶೂರೆನ್ಸ್ ಐದು ವರ್ಷಕ್ಕಿದೆ. ಜಿಪಿಎಸ್ಸೂ ಹಾಕಿಸಬೇಕೆ?
– ಓದುಗರೊಬ್ಬರು, ಚಿಕ್ಕನಾಯಕನಹಳ್ಳಿ ತಾಲ್ಲೂಕು

ಉತ್ತರ: ಸಾಮಾನ್ಯ ಬೈಕು, ಟಿವಿಎಸ್ ಎಕ್ಸೆಲ್‌ಗಳಲ್ಲಿ ಕೀ ಮಾಡುವುದು ಮುಖ್ಯವಾಗಿ ಎರಡು ಕೆಲಸ. ಇಗ್ನಿಷನ್ ಸ್ವಿಚ್ ತಿರುಗಿಸುವುದು, ಹ್ಯಾಂಡಲ್ ಬಿಗಿಯುವುದು. ಕೀ ಯಾರ ಕೈಯಲ್ಲಿದೆ ಎಂದು ಆ ಸ್ವಿಚ್ಚಿಗೆ ತಿಳಿಯುವುದಿಲ್ಲ. ಅದರ ಹಿಂದಿನ ವೈರುಗಳು ಕೈಗೆ ಸಿಕ್ಕರೆ ಕೀಯ ಹಂಗೇ ಇಲ್ಲ. ಹ್ಯಾಂಡಲ್ ಲಾಕ್ ಅಂದರೆ ಒಳಗಿರುವ ಪುಟ್ಟ ಉಕ್ಕಿನ ಕಡ್ಡಿ, ಅಷ್ಟೇ. ಉದ್ದನೆಯ ಹ್ಯಾಂಡಲ್ಲೇ ಸನ್ನೆಗೋಲಾಗಿ ಆ ಕಡ್ಡಿಯನ್ನು ಮುರಿಯಲು ಕಳ್ಳನಿಗೆ ನೆರವಾಗುತ್ತದೆ. ಇಮ್ಮೊಬಿಲೈಸರ್ ಇರುವ ಕಾರಿನ ಮಾತು ಬೇರೆ. ಅದರ ಕೀಯೊಳಗಿನ ಚಿಪ್ಪಿನ ಸಂಕೇತ ತಾಳೆಯಾಗದಿದ್ದರೆ ಎಂಜಿನ್ ಏಳುವುದೇ ಇಲ್ಲ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯನ್ನು ಬೀದಿ ಬಾಗಿಲ ಪಕ್ಕ ಮೊಳೆಗೆ ನೇತುಹಾಕಬೇಡಿ. ಮನೆಯೊಳಗಿನ ಕೀಯ ಸಂಕೇತವನ್ನು ಹೊರಗಿನಿಂದ ಹಿಡಿದು ಕಾರಿಗೆ ದಾಟಿಸುವ ಉಪಕರಣಗಳಿವೆ. ಒಳಮನೆಯಲ್ಲಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟರೆ ಒಳ್ಳೆಯದು.

ಹಾಗಾದರೆ ಬೀಗ ಯಾಕೆ? ಕಳ್ಳನ ಹೊತ್ತು ತಿನ್ನುವುದಕ್ಕೆ. ಎರಡು ನಿಮಿಷದ ಕೆಲಸ ಹತ್ತು ನಿಮಿಷವಾಗುವುದಾದರೆ, ಯಾರಾದರೂ ಬಂದುಬಿಟ್ಟಾರೆಂಬ ಅಂಜಿಕೆಯಿಂದ ಬಿಟ್ಟು ಹೋಗುವ ಸಂಭವ ಹೆಚ್ಚು. ನಮ್ಮ ತೆಂಗಿನ ಸೀಮೆಯಲ್ಲಿ ಇದನ್ನು ಮುಖ್ಯವಾಗಿ ಯೋಚಿಸಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ನೀರು ಕಟ್ಟಲು ಹೊರಟವರು ಬೈಕನ್ನು ರಸ್ತೆ ಬದಿಗೆ ನಿಲ್ಲಿಸಿ ತೋಟದೊಳಕ್ಕೆ ನಡೆಯುತ್ತಾರೆ. ಮೋಟಾರಿನ ಸದ್ದಿನಲ್ಲಿ ರಸ್ತೆಯ ಸದ್ದು ಕೇಳಿಸುವುದಿಲ್ಲ. ಕಳ್ಳನಿಗೆ ಬೇಕಾದಷ್ಟು ಹೊತ್ತು ಸಿಗುವುದು ಅಲ್ಲಿಯೇ. ಗಾಡಿ ಕಿಬ್ಬನಹಳ್ಳಿ ಕ್ರಾಸ್ ಮುಟ್ಟಿತೆಂದರೆ ತುಮಕೂರು, ತಿಪಟೂರು, ತುರುವೇಕೆರೆ, ಹುಳಿಯಾರು, ನಾಲ್ಕು ದಿಕ್ಕಿಗೂ ದಾರಿ ತೆರೆದಂತೆ.

ದಪ್ಪ ಕೊಂಡಿಯ ಗಟ್ಟಿ ಸರಪಳಿ ತನ್ನಿ. ಅದನ್ನು ಬರೀ ಚಕ್ರಕ್ಕೆ ಸುತ್ತಿದರೆ ಗಾಡಿಯನ್ನೇ ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡು ಹೋಗಬಹುದು. ಹಿಂದಿನ ಚಕ್ರ ಮತ್ತು ಚಾಸಿಗಳ ನಡುವೆ ತೂರಿಸಿ ತೆಂಗಿನ ಮರಕ್ಕೋ ನೆಲದಲ್ಲಿ ಹುಗಿದ ಕಲ್ಲುಕಂಬಕ್ಕೋ ಬಿಗಿಯಿರಿ. ನೆಲಕ್ಕೆ ತಾಗಿದ ಸರಪಳಿಯನ್ನು ಕಲ್ಲಿನ ಮೇಲಿಟ್ಟು ಜಜ್ಜುವುದು ಸುಲಭ. ಆದ್ದರಿಂದ ಅದು ಮೇಲೆತ್ತರದಲ್ಲಿ, ಬಿಗಿಯಾಗಿರಲಿ. ಮುಂದಿನ ಡಿಸ್ಕಿಗೆ ಹಾಕುವ ಬೀಗ ಸಂತೆ, ಜಾತ್ರೆಗೆ ಸಾಕು. ಆಗಲೂ ತೆಗೆಯುವುದು ಮರೆತು ಗಾಡಿ ಓಡಿಸದಂತೆ ಹ್ಯಾಂಡಲ್ಲಿಗೊಂದು ಬಣ್ಣದ ದಾರ ಕಟ್ಟಿರಿ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದದ್ದು "ಇನ್ಶೂರೆನ್ಸ್ ಐದು ವರ್ಷಕ್ಕಿದೆ" ಎಂಬ ಮಾತು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ, ಕಾರಿಗೆ ಮೂರು ವರ್ಷದ ವಿಮೆ ಕಡ್ಡಾಯವಾಗಿದ್ದು ನಿಜ. ಆದರೆ ಅದು ಥರ್ಡ್ ಪಾರ್ಟಿ ವಿಮೆ. ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿ ತುಂಬಿಕೊಡುವುದಕ್ಕೆ ಮಾತ್ರ. ಗಾಡಿ ಕಳುವಾದರೆ ಅದರಿಂದ ಒಂದು ರೂಪಾಯಿಯೂ ಬಾರದು. ಕಳ್ಳತನಕ್ಕೆ ದುಡ್ಡು ಕೊಡುವುದು 'ಓನ್ ಡ್ಯಾಮೇಜ್' ಭಾಗ. ಅದು ಬಹುತೇಕ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಇರುತ್ತದೆ. ಇವತ್ತೇ ಪಾಲಿಸಿ ತೆಗೆದು ನೋಡಿ, ಎರಡು ತಾರೀಖುಗಳು ಬೇರೆ ಬೇರೆ ನಮೂದಾಗಿರುತ್ತವೆ. ಓನ್ ಡ್ಯಾಮೇಜ್ ಮುಗಿದಿದ್ದರೆ ಅದೊಂದನ್ನೇ ಪ್ರತ್ಯೇಕವಾಗಿ ಮಾಡಿಸಬಹುದು. ಸಿಗುವ ಮೊತ್ತ ಷೋರೂಮ್ ಬೆಲೆಯಲ್ಲ, ಪಾಲಿಸಿಯಲ್ಲಿ ಐಡಿವಿ ಎಂದು ಬರೆದ ಮೊತ್ತ. ಅದು ವರ್ಷ ವರ್ಷ ಇಳಿಯುತ್ತದೆ.

ಕೀಯನ್ನು ಗಾಡಿಯಲ್ಲೇ ಬಿಟ್ಟರೆ ವಿಮಾ ಕಂಪನಿ ನಿಮ್ಮ ನಿರ್ಲಕ್ಷ್ಯವೆಂದು ವಾದಿಸುತ್ತದೆ. ಚಾಲಕ ಲಾರಿಯಲ್ಲೇ ಕೀ ಬಿಟ್ಟು ಇಳಿದಿದ್ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಶೇ. 75ರಷ್ಟು ಕೊಡಿಸಿತು. ಮಾಲೀಕ ಅದಕ್ಕಾಗಿ ವರ್ಷಗಟ್ಟಲೆ ಅಲೆದ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು, ಆರ್‌ಸಿ ಹಳೆಯ ಮಾಲೀಕರ ಹೆಸರಿನಲ್ಲೇ ಬಿಟ್ಟು ಓಡಿಸುವ ರೂಢಿ ನಮ್ಮ ಕಡೆ ಇದೆ. ಪರಿಚಯದವರ ಗಾಡಿ, ಕೇಳುವವರು ಯಾರು ಎಂಬ ಧೈರ್ಯ. ಆದರೆ ಕಳುವಾದ ದಿನ ಆರ್‌ಸಿ ಒಬ್ಬರದು, ಪಾಲಿಸಿ ಇನ್ನೊಬ್ಬರದು ಎಂದಾದರೆ ಕ್ಲೇಮ್ ನಿಂತೇಹೋಗುತ್ತದೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಕಾನೂನೇ ಇದೆ. ನಿಮ್ಮ ಕೆಎ-44 ಗಾಡಿಗೆ ಅದು ತಿಪಟೂರು ಕಚೇರಿ. ಪಾಲಿಸಿಯನ್ನೂ ಜೊತೆಗೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಗಾಡಿ ಕಾಣದಿದ್ದರೆ 'ನೆಂಟರ ಹುಡುಗರು ತಗೊಂಡು ಹೋಗಿರಬೇಕು' ಎಂದು ಸಂಜೆಯತನಕ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ನಂತರ ಠಾಣೆಗೆ ಹೋಗಿ. ತಿಪಟೂರಿನಲ್ಲಿ ಕಳುವಾದರೂ ಹಂದನಕೆರೆ ಠಾಣೆಯಲ್ಲಿ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯವರೂ 'ಇದು ನಮ್ಮ ಸರಹದ್ದಲ್ಲ' ಎನ್ನುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅದೇ ದಿನ ವಿಮಾ ಕಂಪನಿಗೂ ತಿಳಿಸಿ. ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ 'ಸಿ' ವರದಿ, ಆರ್‌ಸಿ, ಎರಡೂ ಕೀಗಳನ್ನು ಕಂಪನಿ ಕೇಳುತ್ತದೆ. ಆದ್ದರಿಂದ ಡೂಪ್ಲಿಕೇಟ್ ಕೀ ಎಲ್ಲಿದೆ ಎಂದು ಈಗಲೇ ಹುಡುಕಿಡಿ. ಎಂಜಿನ್ ಮತ್ತು ಚಾಸಿ ನಂಬರಿನ ಫೋಟೊ ಫೋನಿನಲ್ಲಿರಲಿ. ನಂಬರ್ ಪ್ಲೇಟ್ ಬದಲಿಸಿದ ಗಾಡಿಯನ್ನು ಗುರುತಿಸುವುದು ಅವುಗಳಿಂದಲೇ.

ಜಿಪಿಎಸ್ ಕೊನೆಗೆ ಬರುತ್ತದೆ. ಅದರೊಳಗೆ ಸಿಮ್ ಇರುವುದರಿಂದ ನೆಟ್‌ವರ್ಕ್ ಇಲ್ಲದ ಕಡೆ ಅದು ಮೂಕ. ವಾರಗಟ್ಟಲೆ ನಿಂತ ಬೈಕಿನ ಬ್ಯಾಟರಿಯನ್ನೂ ಅದು ಬರಿದು ಮಾಡಬಹುದು. ಕಾರಿಗೆ, ಕಾಯಿ ಸಾಗಿಸುವ ಪಿಕಪ್ಪಿಗೆ ಹಾಕಿಸುವುದು ಲೇಸು, ಅದೂ ಕಣ್ಣಿಗೆ ಬೀಳದ ಜಾಗದಲ್ಲಿ. ಬೈಕಿಗಾದರೆ ಮೊದಲು ಸರಪಳಿ, ಆಮೇಲೆ ಓನ್ ಡ್ಯಾಮೇಜ್. ಕೈಯಲ್ಲಿ ದುಡ್ಡು ಮಿಕ್ಕರೆ ಮಾತ್ರ ಜಿಪಿಎಸ್.