ಲಗೇಜಿಗೆ ಬೇರೆ ಡಬ್ಬಿಯಿದೆ

ಮುಂಬಯಿಯ ಬೈಕುಲ್ಲಾದಲ್ಲಿ ಲೋಕಲ್ ರೈಲು ಹತ್ತುವ ತರಕಾರಿಯವರು ಬುಟ್ಟಿ ಹೊತ್ತು ಲಗೇಜ್ ಡಬ್ಬಿಗೇ ಹೋಗುತ್ತಾರೆ. ಅದೇ ಗಾಡಿಯಲ್ಲಿ ಆಫೀಸಿಗೆ ಹೋಗುವ ನೀವು ಮಾತ್ರ ಡೇಟಾಬೇಸ್ ಡಂಪು, ಡೆಮೊ ವೀಡಿಯೊಗಳನ್ನೆಲ್ಲ ಹತ್ತಾರು ಜನರ ಗಿಟ್ ಸರ್ವರ್‌ಗೆ ತುರುಕುತ್ತೀರಲ್ಲ! 'ಆಮೇಲೆ ಡಿಲೀಟ್ ಮಾಡಿದರಾಯ್ತು' ಅನ್ನಬೇಡಿ. ಅಳಿಸಿದ ಫೈಲೂ ಹಳೆಯ ಕಮಿಟ್‌ನಲ್ಲಿ ಕೂತಿರುತ್ತದೆ. ಯಾರು ಪೂರ್ತಿ ಕ್ಲೋನ್ ಮಾಡಿದರೂ ಜೊತೆಗೇ ಇಳಿಯುತ್ತದೆ. ಡಿಸ್ಕ್ ಅಗ್ಗವಲ್ಲವೇ ಎನ್ನುವಿರಿ. ನಿಜ, ಆದರೆ 300 ಎಂಬಿ ವೀಡಿಯೊವನ್ನು 20 ಜನ ಇಳಿಸಿಕೊಂಡರೆ 6 ಜಿಬಿ. ಬ್ಯಾಕಪ್ಪಿನ ಲೆಕ್ಕ ಬೇರೆ. ಗಿಟ್‌ಹಬ್ ಕೂಡ 50 ಎಂಬಿ ದಾಟಿದ ಫೈಲಿಗೆ ಎಚ್ಚರಿಸುತ್ತದೆ, 100 ದಾಟಿದರೆ ಒಳಗೇ ಬಿಡುವುದಿಲ್ಲ. ಸ್ವಂತ ಸರ್ವರ್ ನೋಡಿಕೊಳ್ಳುವವರೂ ಪುಶ್‌ನ ಗಾತ್ರಕ್ಕೊಂದು ಮಿತಿ ಹಾಕಿಡಿ. ಭಾರದ ಫೈಲಿಗೆಂದೇ ಗಿಟ್ ಎಲ್‌ಎಫ್‌ಎಸ್ ಇದೆ. ತಪ್ಪಿ ಕಮಿಟ್ ಆಗಿದ್ದರೆ ಪುಶ್ ಮಾಡುವ ಮೊದಲೇ ತೆಗೆದುಬಿಡಿ. ಆಮೇಲೆ ಇತಿಹಾಸ ತಿದ್ದಹೊರಟರೆ ಇಡೀ ತಂಡ ಹೊಸದಾಗಿ ಕ್ಲೋನ್ ಮಾಡಬೇಕಾದೀತು.