ಪ್ರಿಂಟರಿಗೆ ಅಂಕಿಗಳಲ್ಲೇ ಆಜ್ಞೆ: ಹಂತ ಹಂತವಾಗಿ

ಸಹಕಾರಿ ಸೊಸೈಟಿ, ಸಗಟು ಅಂಗಡಿ, ಲಾರಿ ಆಫೀಸುಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಕರ್ರೆಂದು ದುಡಿಯುತ್ತಿದೆ. ಸೂಜಿ ರಿಬ್ಬನ್ನನ್ನು ಕುಟ್ಟುವುದರಿಂದ ಕಾರ್ಬನ್ ಪ್ರತಿಯೂ ಜೊತೆಗೇ ಸಿಗುತ್ತದೆ. ಪ್ರಿಂಟರ್ ಒಳಗೆ ಏನು ನಡೆಯುತ್ತದೆ ಎಂದು ಕಲಿಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಳಿಸಿದ ಒಂದೊಂದು ಬೈಟಿಗೂ ಅದು ಕಾಗದದ ಮೇಲೆ ಉತ್ತರ ಕೊಡುತ್ತದೆ. ಅದಕ್ಕೆ ತಲುಪುವುದು 0ಯಿಂದ 255ರವರೆಗಿನ ಅಂಕಿಗಳ ಸಾಲು ಮಾತ್ರ. ಯಾವ ಅಂಕಿ ಅಕ್ಷರ, ಯಾವುದು ಆಜ್ಞೆ ಎಂಬುದನ್ನು ಅದರ ಹಿಂದೆ ಏನು ಬಂತು ಎಂಬುದರಿಂದಲೇ ಪ್ರಿಂಟರ್ ತೀರ್ಮಾನಿಸುತ್ತದೆ.

ಹಂತ 1: ದಾರಿ ಮಾಡಿಕೊಳ್ಳಿ

ಎಪ್ಸನ್ ಕಂಪನಿಯ ಇಎಸ್‌ಸಿ/ಪಿ ಆಜ್ಞೆಗಳು ತಿಳಿಯುವ ಪ್ರಿಂಟರ್ ಬೇಕು. ಬೇರೆ ಕಂಪನಿಗಳ ಡಾಟ್ ಮ್ಯಾಟ್ರಿಕ್ಸ್‌ಗಳಲ್ಲೂ ಇದು ಸಾಮಾನ್ಯವಾಗಿ ಇರುತ್ತದೆ. ಕೈಪಿಡಿಯಲ್ಲಿ ಎಮ್ಯುಲೇಶನ್ ಎಂಬ ಶೀರ್ಷಿಕೆಯಡಿ ನೋಡಿ. ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಅನೇಕವು ಕಂಪ್ಯೂಟರ್ ಸಿದ್ಧಪಡಿಸಿದ ಪುಟದ ಚಿತ್ರವನ್ನು ಮಾತ್ರ ಸ್ವೀಕರಿಸುತ್ತವೆ. ಅವು ಈ ಪ್ರಯೋಗಕ್ಕೆ ಆಗುವುದಿಲ್ಲ.

ಪೈಥಾನ್‌ನಲ್ಲಿ ಅಂಕಿಗಳ ಪಟ್ಟಿ ಬರೆದು, ಅದನ್ನು ಬೈಟ್‌ಗಳಾಗಿ ಮಾಡಿ, ಬೈನರಿ ಫೈಲಾಗಿ ಉಳಿಸಿ. ವಿಂಡೋಸ್‌ನಲ್ಲಿ ಪ್ರಿಂಟರನ್ನು ಶೇರ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನ ಕಾಪಿ ಆಜ್ಞೆಯಿಂದ ಆ ಶೇರ್ ಹೆಸರಿಗೆ ಫೈಲನ್ನು ಕಳಿಸಿ. ಆಜ್ಞೆಯ ಜೊತೆ ‘/ಬಿ’ ಎಂಬ ಗುರುತನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕಾಪಿ ಇದನ್ನು ಪಠ್ಯವೆಂದು ತಿಳಿದು, 26 ಎಂಬ ಬೈಟ್ ಎದುರಾದಲ್ಲಿ ಫೈಲ್ ಮುಗಿಯಿತೆಂದು ನಿಂತುಬಿಡಬಹುದು.

ಹಂತ 2: ಮೊದಲ ಸಾಲು

ಈ ಅಂಕಿಗಳನ್ನು ಕಳಿಸಿ: 27, 64, 77, 65, 78, 68, 89, 65, 13, 10.

ಕಾಗದದ ಮೇಲೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಮಂಡ್ಯ ಎಂದು ಬರುತ್ತದೆ. 77ರಿಂದ ಮುಂದಿನ ಆರು ಅಂಕಿಗಳು ಆಸ್ಕಿ ಪಟ್ಟಿಯ ಅಕ್ಷರಗಳು. 1963ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಈ ಪಟ್ಟಿಯಲ್ಲಿ 0ಯಿಂದ 31ರವರೆಗಿನವು ನಿಯಂತ್ರಣ ಸಂಕೇತಗಳು, 32 ಖಾಲಿ ಜಾಗ, ಇಂಗ್ಲಿಷ್ ದೊಡ್ಡಕ್ಷರಗಳು 65ರಿಂದ, ಚಿಕ್ಕವು 97ರಿಂದ.

ಈಗ 64ನ್ನು ಗಮನಿಸಿ. ಒಂಟಿಯಾಗಿ ಬಂದರೆ ಅದು ಇಮೇಲ್ ವಿಳಾಸದಲ್ಲಿ ಬಳಸುವ ‘ಅಟ್’ ಚಿಹ್ನೆ. ಇಲ್ಲಿ ಅದು ಮುದ್ರಣವಾಗಲೇ ಇಲ್ಲ, ಏಕೆಂದರೆ ಅದರ ಹಿಂದೆ 27 ಇತ್ತು. 27 ಎಂದರೆ ಎಸ್ಕೇಪ್: ಮುಂದಿನದನ್ನು ಅಕ್ಷರವೆಂದು ಓದಬೇಡ, ಆಜ್ಞೆಯೆಂದು ಓದು ಎಂಬ ಸೂಚನೆ. 27, 64 ಜೋಡಿ ಹಿಂದಿನ ಕೆಲಸದಿಂದ ಉಳಿದ ಸೆಟ್ಟಿಂಗ್‌ಗಳನ್ನು ಅಳಿಸುತ್ತದೆ. ಪ್ರತಿ ಕೆಲಸವನ್ನೂ ಇದರಿಂದಲೇ ಆರಂಭಿಸಿ.

ಹಂತ 3: 13 ಮತ್ತು 10

ಇವನ್ನು ಬೇಕೆಂದೇ ಕೆಡಿಸಿ ನೋಡಿ. ಮೂರು ಸಾಲು ಬರೆದು ಪ್ರತಿಯೊಂದರ ಕೊನೆಯಲ್ಲಿ 10 ಮಾತ್ರ ಹಾಕಿದರೆ ಕಾಗದ ಮೇಲೇರುತ್ತದೆ, ಆದರೆ ಕೆಲವು ಪ್ರಿಂಟರುಗಳಲ್ಲಿ ಹೆಡ್ ಎಡಕ್ಕೆ ಮರಳುವುದಿಲ್ಲ. ಆಗ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿಯುತ್ತವೆ. ಲಿನಕ್ಸ್‌ನಲ್ಲಿ ಬರೆದ, ಸಾಲಿನ ಕೊನೆಗೆ 10 ಮಾತ್ರ ಇರುವ ಪಠ್ಯ ಕೆಲವೊಮ್ಮೆ ಹೀಗೆ ಬರುವುದು ಈ ಕಾರಣಕ್ಕೇ. 13 ಮಾತ್ರ ಹಾಕಿದರೆ ಮೂರೂ ಸಾಲು ಒಂದರ ಮೇಲೊಂದು ಬೀಳುತ್ತವೆ. ಪ್ರಿಂಟರಿನಲ್ಲಿ ಆಟೋ ಲೈನ್‌ಫೀಡ್ ಆನ್ ಆಗಿದ್ದರೆ ಮಾತ್ರ ಪ್ರತಿ 13ಕ್ಕೂ ಅದು ತಾನಾಗಿ 10 ಸೇರಿಸುತ್ತದೆ. ಆಗ ಎರಡನ್ನೂ ಕಳಿಸಿದವರಿಗೆ ಸಾಲುಗಳ ನಡುವೆ ಒಂದೊಂದು ಖಾಲಿ ಸಾಲು ಸಿಗುತ್ತದೆ. ಬಿಲ್ ಉದ್ದವಾಗಿ ಪುಟ ತಪ್ಪುತ್ತಿದೆ ಎಂಬ ದೂರು ಬಂದಾಗ ಮೊದಲು ಈ ಸ್ವಿಚ್ ನೋಡಿ.

ಟೆಲಿಪ್ರಿಂಟರುಗಳಲ್ಲಿ ಮುದ್ರಣದ ಭಾಗವನ್ನು ಎಡಕ್ಕೆ ತರುವುದೂ ಕಾಗದ ಎಳೆಯುವುದೂ ಎರಡು ಬೇರೆ ಚಲನೆಗಳಾಗಿದ್ದವು. ಆ ಎರಡು ಚಲನೆಗಳೇ ಎರಡು ಅಂಕಿಗಳಾಗಿ ಉಳಿದಿವೆ.

ಹಂತ 4: ಅಕ್ಷರದ ರೂಪ, ಪುಟದ ಉದ್ದ

27, 69 ದಪ್ಪಕ್ಷರ ಆರಂಭಿಸುತ್ತದೆ, 27, 70 ನಿಲ್ಲಿಸುತ್ತದೆ. ಅಗಲವಾದ ಪಟ್ಟಿ ಚಿಕ್ಕ ಕಾಗದದಲ್ಲಿ ಹಿಡಿಸಬೇಕಾದರೆ 15 ಕಳಿಸಿ, ಅಕ್ಷರಗಳು ಕಿರಿದಾಗುತ್ತವೆ. 18 ಕಳಿಸಿದರೆ ಮೊದಲಿನಂತಾಗುತ್ತದೆ. 6 ಇಂಚಿನ ಬಿಲ್ ಕಾಗದಕ್ಕೆ 27, 67, 0, 6 ಎಂದು ಹೇಳಿಟ್ಟರೆ, ಮುಂದೆ 12 ಬಂದಾಗ ಪ್ರಿಂಟರ್ ಸರಿಯಾಗಿ ಮುಂದಿನ ಬಿಲ್ಲಿನ ತಲೆಗೆ ಹೋಗಿ ನಿಲ್ಲುತ್ತದೆ. ಆಜ್ಞೆ ಕಳಿಸುವಾಗ ಕಾಗದ ಎಲ್ಲಿದೆಯೋ ಅದನ್ನೇ ಪುಟದ ಆರಂಭ ಎಂದು ಅದು ಹಿಡಿಯುತ್ತದೆ. ಹಾಗಾಗಿ ಮೊದಲು ಕಾಗದವನ್ನು ಸರಿಯಾಗಿ ಕೂರಿಸಿ.

ಹಂತ 5: ಚುಕ್ಕಿಗಳಿಂದ ಚಿತ್ರ

27, 75, 8, 0 ಎಂದರೆ ಮುಂದಿನ ಎಂಟು ಬೈಟ್‌ಗಳು ಅಕ್ಷರಗಳಲ್ಲ, ಎಂಟು ಕಂಬಸಾಲುಗಳ ಚುಕ್ಕಿಗಳು ಎಂದರ್ಥ. ಪ್ರತಿ ಬೈಟಿನಲ್ಲಿ ಮೇಲಿನ ಸೂಜಿಗೆ 128, ಅದರ ಕೆಳಗಿನದಕ್ಕೆ 64, ಹೀಗೆ ಅರ್ಧವಾಗುತ್ತ ಕೆಳಗಿನ ಸೂಜಿಗೆ 1. ಎಲ್ಲ ಸೂಜಿಗಳೂ ಹೊಡೆಯಬೇಕಾದರೆ 255. ಈಗ 255, ಆಮೇಲೆ 129 ಆರು ಸಲ, ಕೊನೆಗೆ ಮತ್ತೆ 255, ಬಳಿಕ 13, 10 ಕಳಿಸಿ. ಪುಟ್ಟದೊಂದು ಪೆಟ್ಟಿಗೆ ಮೂಡುತ್ತದೆ.

ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಖಂಡಿತ ಪರೀಕ್ಷಿಸಿ. 8ರ ಬದಲು 20 ಬರೆದರೆ ಪೆಟ್ಟಿಗೆಯ ನಂತರದ 13, 10 ಮತ್ತು ಮುಂದಿನ ಹತ್ತು ಅಕ್ಷರಗಳನ್ನು ಪ್ರಿಂಟರ್ ಚುಕ್ಕಿಗಳೆಂದು ನುಂಗಿಬಿಡುತ್ತದೆ. ಚಿತ್ರದ ಎಣಿಕೆ ಮುಗಿಯುವವರೆಗೆ 10 ಎಂಬುದು ಸಾಲು ಬದಲಿಸುವ ಆಜ್ಞೆಯಲ್ಲ, ಎರಡು ಚುಕ್ಕಿ ಅಷ್ಟೇ.

ಹಂತ 6: ಕನ್ನಡ ಕಳಿಸಿದರೆ?

ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ‘ಕ’ ಎಂಬುದು ಮೂರು ಬೈಟ್: 224, 178, 149. ಇದನ್ನು ಹಾಗೇ ಕಳಿಸಿ. ಪಿಸಿ437 ಎಂಬ ಹಳೆಯ ಅಕ್ಷರಪಟ್ಟಿಯಲ್ಲಿರುವ ಪ್ರಿಂಟರ್ ಮೂರನ್ನೂ ಬಿಡಿಬಿಡಿಯಾಗಿ ಓದಿ, ಗ್ರೀಕಿನ ಆಲ್ಫಾ, ಚುಕ್ಕಿ ತುಂಬಿದ ಒಂದು ಕಟ್ಟು, ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಓ ಮುದ್ರಿಸುತ್ತದೆ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತವೂ 224ರಿಂದಲೇ ಆರಂಭವಾಗುವುದರಿಂದ ಪುಟದ ತುಂಬ ಆಲ್ಫಾ ಕಂಡರೆ ಕಾರಣ ಇದೇ ಎಂದು ಕೂಡಲೇ ಹೇಳಬಹುದು.

ಬೇರೆ ಅಕ್ಷರಪಟ್ಟಿ ಹಾಕಿದರೂ ಸಾಲದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತ ಅಂಟಿಕೊಳ್ಳಬೇಕು. ಒಂದು ಅಂಕಿಗೆ ಒಂದು ಅಚ್ಚು ಎಂಬ ಲೆಕ್ಕ ಇಲ್ಲಿ ನಡೆಯದು. ಕಂಪ್ಯೂಟರಿನಲ್ಲೇ ಅಕ್ಷರಗಳನ್ನು ಜೋಡಿಸಿ, ಚಿತ್ರವಾಗಿಸಿ, ಹಂತ 5ರ ಹಾದಿಯಲ್ಲಿ ಕಳಿಸಬೇಕು. ಪ್ರಿಂಟರ್ ಡ್ರೈವರ್ ಮಾಡುವುದೂ ಇದನ್ನೇ. ಕನ್ನಡದ ಬಿಲ್ ನಿಧಾನವಾಗಿ ಬರುವುದಕ್ಕೆ ಅದೇ ಕಾರಣ. ಅಷ್ಟು ನಿಧಾನಕ್ಕೆ ಗ್ರಾಹಕರ ಭಾಷೆಯಲ್ಲಿ ಬಿಲ್ ಸಿಗುವುದಾದರೆ ನಿಧಾನವೇ ಆಗಲಿ ಎನ್ನುತ್ತೇನೆ.

ಹಂತ 7: ಏನು ಬಂತೆಂದು ಪ್ರಿಂಟರನ್ನೇ ಕೇಳಿ

ಗೊಂದಲವಾದಾಗ ಹೆಕ್ಸ್ ಡಂಪ್ ಬಳಸಿ. ಅನೇಕ ಮಾದರಿಗಳಲ್ಲಿ ಮುಂಭಾಗದ ಗುಂಡಿಗಳನ್ನು ಒತ್ತಿಹಿಡಿದು ಪವರ್ ಆನ್ ಮಾಡಿದರೆ ಈ ಸ್ಥಿತಿ ಬರುತ್ತದೆ; ಯಾವ ಗುಂಡಿ ಎಂಬುದು ಕೈಪಿಡಿಯಲ್ಲಿದೆ. ಆಗ ಪ್ರಿಂಟರ್ ಆಜ್ಞೆ ಪಾಲಿಸದೆ, ಬಂದ ಬೈಟ್‌ಗಳನ್ನೆಲ್ಲ ಹದಿನಾರರ ಎಣಿಕೆಯಲ್ಲಿ ಅಚ್ಚು ಹಾಕುತ್ತದೆ. 27 ಅಲ್ಲಿ ‘1ಬಿ’ ಎಂದು ಕಾಣುತ್ತದೆ.

ಅಂಗಡಿಯ ಥರ್ಮಲ್ ಬಿಲ್ ಪ್ರಿಂಟರಿಗೂ ಇದೇ ಕ್ರಮ ಒಗ್ಗುತ್ತದೆ, ಆದರೆ ಅದರ ಇಎಸ್‌ಸಿ/ಪಿಒಎಸ್ ಆಜ್ಞೆಗಳು ಕೊಂಚ ಬೇರೆ. ಅಲ್ಲಿ 27, 69ರ ನಂತರ ಇನ್ನೊಂದು ಅಂಕಿ ಬೇಕು: ದಪ್ಪಕ್ಕೆ 1, ಸಾದಾಕ್ಕೆ 0. ಅದನ್ನು ಕೊಡದಿದ್ದರೆ ಅಂಗಡಿಯ ಹೆಸರಿನ ಮೊದಲ ಅಕ್ಷರವನ್ನೇ ಆ ಅಂಕಿ ಎಂದು ತೆಗೆದುಕೊಳ್ಳುತ್ತದೆ. ಬಿಲ್ಲಿನ ತಲೆಯಲ್ಲಿ ಒಂದು ಅಕ್ಷರ ಕಾಣೆಯಾಗಿದ್ದರೆ ಮೊದಲು ಅಲ್ಲೇ ಹುಡುಕಿ.